ಎರಡು ಕಿಲೋಹರ್ಟ್ಸುಗಳ ಅಂತರ

ಅಮೆರಿಕೆಯಲ್ಲಿರುವ ನನ್ನ ಮಗನು 2018ರಲ್ಲಿ ಊರಿಗೆ ಬಂದಾಗ ನಮ್ಮ ಹಳೆಯ ಕಾರಿಗೆಂದು ಅಲ್ಲಿಂದ ಒಂದು ರೇಡಿಯೋ ತಂದನು. ಕಾರಿನ ಬ್ಯಾಟರಿ ಎರಡು ದೇಶಗಳಲ್ಲಿಯೂ 12 ವೋಲ್ಟಿನದೇ. ಆದುದರಿಂದ ಶಂಕೆಗೆಡೆಯಿಲ್ಲವೆಂದು ಅವನೆಣಿಕೆ. ಕೋಲಾರದ ಮೆಕ್ಯಾನಿಕನು ಅದನ್ನು ಜೋಡಿಸಿಕೊಟ್ಟನು.

ಮಗನು ಹಿಂದಿರುಗಿದ ಮೇಲೆ, ಒಂದು ಬೆಳಗ್ಗೆ ಮುಳಬಾಗಿಲಿನ ದಾರಿಯಲ್ಲಿ, ಸಂಸ್ಕೃತ ವಾರ್ತೆಯನ್ನು ಕೇಳಲೆಂದು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನು ಹುಡುಕಿದೆನು. ಯಂತ್ರವು 610ರಲ್ಲಿ ನಿಂತಿತು. ಮಾತು ಒಡೆದೊಡೆದು ಕೇಳಿಸಿತು. ಮತ್ತೊಮ್ಮೆ ಒತ್ತಿದರೆ 620ಕ್ಕೆ ನೆಗೆಯಿತು. ನಡುವೆ ನಿಲ್ಲಲೊಲ್ಲದು!

ಕಾರಣವು ಬರಿಯ ಮಗ್ಗಿಯ ಲೆಕ್ಕ. 1975ರ ಜಿನೀವಾ ಒಪ್ಪಂದದಂತೆ ಏಷ್ಯಾ, ಯೂರೋಪು, ಆಫ್ರಿಕಾಗಳ ಮಧ್ಯಮ ತರಂಗ ನಿಲಯಗಳಿಗೆ 9 ಕಿಲೋಹರ್ಟ್ಸಿನ ಅಂತರ. ಅಮೆರಿಕೆಯಲ್ಲಿ 10ರ ಅಂತರ. ಒಂಬತ್ತು ಅರುವತ್ತೆಂಟಲೆ 612. ಹತ್ತರ ಮಗ್ಗಿಯಲ್ಲಿ ಅದಕ್ಕೆ ಸ್ಥಳವೇ ಇಲ್ಲ.

ಪ್ರತಿ ಭಾನುವಾರ ಮಗನು ಫೋನಿನಲ್ಲಿ, “ರೇಡಿಯೋ ಚೆನ್ನಾಗಿ ಕೇಳಿಸುತ್ತದೆಯೆ, ಅಪ್ಪಾ?” ಎನ್ನುವನು. “ಬಹಳ ಚೆನ್ನಾಗಿದೆ, ಮಗು,” ಎನ್ನುವೆನು. ಮಕ್ಕಳಿಗೆ ಸತ್ಯವನ್ನು ಬೋಧಿಸಿ ಸವೆದ ನಾಲಗೆಯಿದು! ನಾಲ್ಕು ತಿಂಗಳಾದ ಮೇಲೆ ತಾಳಲಾರದೆ ನಿಜವನ್ನು ಹೇಳಿದೆನು. ಅವನು ಕ್ಷಣಕಾಲ ಸುಮ್ಮನಿದ್ದು, “ಮೊದಲೇ ಹೇಳಬಾರದಿತ್ತೆ?” ಎಂದನು. ದೇಶಾನುಸಾರವಾಗಿ ಅಂತರವನ್ನು ಬದಲಿಸುವ ಏರ್ಪಾಡು ಆ ಯಂತ್ರದಲ್ಲಿಯೇ ಇದ್ದಿತು. ಅವನು ಹೇಳಿಕೊಟ್ಟಂತೆ ಗುಂಡಿಯನ್ನೊತ್ತಲು 612 ದೊರಕಿತು.

ಎಲ್ಲ ಯಂತ್ರಗಳಲ್ಲಿಯೂ ಈ ಅನುಕೂಲವಿರದು. ಪರದೇಶದಲ್ಲಿ ರೇಡಿಯೋ ಕೊಳ್ಳುವವರು ವೋಲ್ಟಿನೊಡನೆ 9ರ ಹೆಜ್ಜೆಯನ್ನೂ ವಿಚಾರಿಸಿಕೊಳ್ಳಲಿ. ಉಡುಗೊರೆಯನ್ನು ಪಡೆದವರಾದರೋ ಅದರ ಕುಂದನ್ನು ಮುಚ್ಚಿಡದಿರಲಿ. ಮಗನ ಮನಸ್ಸು ನೋಯದಿರಲೆಂದು ನಾನು ಮುಚ್ಚಿಟ್ಟೆನು. ಅವನು ನೊಂದುದು ಮುಚ್ಚಿಟ್ಟುದಕ್ಕಾಗಿಯೇ.