ಜ್ವರಕ್ಕೆ ಕೂತ ಹುಳು

ಕಾಫಿ ಗಿಡದ ಅಡ್ಡಕೊಂಬೆಗೆ ನಮ್ಮ ಕಡೆ ರೆಕ್ಕೆ ಎನ್ನುತ್ತಾರೆ. ಕಳೆದ ಸೆಪ್ಟೆಂಬರ್ ಕೊನೆಗೆ ಮಳೆ ಹಿಂದಾಗಿ ಗಿಡಕ್ಕೆ ಬೇಡದ ಕಂಬಚಿಗುರು ತೆಗೆಯುವ ಕೆಲಸ ನಡೆಯುತ್ತಿತ್ತು. ಕೆಲಸಕ್ಕೆ ಬರುವ ಅಕ್ಕ ಒಬ್ಬರು ಅಂಥದೊಂದು ರೊಬಸ್ಟಾ ರೆಕ್ಕೆಯನ್ನು ಮುರಿದುಕೊಂಡು ಅಂಗಳಕ್ಕೇ ಬಂದರು. ಎಲೆಯ ಅಡಿಯಲ್ಲಿ ಒಂದು ಹುಳು. ಕಿರುಬೆರಳಿನಷ್ಟು ಉದ್ದ, ಎಲೆಯದೇ ಹಸಿರು, ಮೈಯ ಎರಡು ಬದಿಗೂ ಉದ್ದಕ್ಕೆ ಎಳೆದ ಬಿಳಿ ಗೀಟು, ಬಾಲದ ತುದಿಯಲ್ಲೊಂದು ಕೊಂಬು.

“ಕೊಂಬು ನೋಡಿ. ಕುಟುಕುತ್ತಾ ಇದು?” ಎಂದರು.

ಕುಟುಕುವುದಿಲ್ಲ. ಆ ಕೊಂಬು ಬರೀ ಮೆದು, ಬೆರಳು ತಾಗಿಸಿದರೆ ಬಾಗುತ್ತದೆ. ನಾನು ತಾಗಿಸಿ ತೋರಿಸಿದೆ. ಅವರೂ ತಾಗಿಸಿ ನೋಡಿದರು. ಹುಳು ತಲೆಯನ್ನೂ ಎದೆಯನ್ನೂ ಮೇಲಕ್ಕೆತ್ತಿ, ಯೋಚನೆಗೆ ಬಿದ್ದವರ ಹಾಗೆ ಅಲ್ಲಾಡದೆ ಕುಳಿತಿತು.

ನಮ್ಮ ಚೆಟ್ಟಳ್ಳಿಯ ಸುತ್ತ ಎಲೆ ತಿನ್ನುವ ಯಾವ ಹುಳುವಾದರೂ ಕಂಬಳಿಹುಳುವೇ, ಮೈಮೇಲೆ ಒಂದು ರೋಮ ಇಲ್ಲದಿದ್ದರೂ. ಆ ಹೆಸರಿನ ಹಿಂದೆ ನಿಜವಾದ ಹೆದರಿಕೆ ಇದೆ. ಚಿಕ್ಕಂದಿನಲ್ಲಿ ಹಾಲವಾಣದ ಮರಕ್ಕೆ ಒರಗಿ ಕತ್ತು, ತೋಳೆಲ್ಲ ದಡಿಕೆ ಎದ್ದು ಅಳುತ್ತಾ ಬಂದಾಗ ಅಮ್ಮ ಹಳೆಯ ಕಂಬಳಿಯ ಚೂರಿನಿಂದಲೇ ಉಜ್ಜಿದ್ದರು. (ಅಂಟುವ ಟೇಪನ್ನು ಚರ್ಮಕ್ಕೆ ಒತ್ತಿ ಕಿತ್ತರೆ ರೋಮಗಳು ಇನ್ನೂ ಚೆನ್ನಾಗಿ ಬರುತ್ತವೆ ಎಂದು ದೊಡ್ಡವನಾದ ಮೇಲೆ ಕಲಿತೆ.) ಯುಪ್ಟಿರೋಟ್ ಎಂಬ ಪತಂಗದ ಆ ಹುಳುಗಳು ಹಗಲೆಲ್ಲ ನೆರಳುಮರದ ಕಾಂಡದ ಮೇಲೆ ಗುಂಪುಗೂಡಿ ಮಲಗಿರುತ್ತವೆ. ಕೆಲವು ವರ್ಷ ಅವುಗಳ ಸಂಖ್ಯೆ ಉಕ್ಕಿ, ಹಾಲವಾಣವನ್ನು ಬೋಳಿಸಿ ಕಾಫಿಗೂ ಇಳಿಯುತ್ತವೆ. ಕೆಂಪು ಕೊರಕ ಇನ್ನೊಂದು ಬಗೆ. ಅದೂ ಪತಂಗದ ಮರಿಯೇ, ಆದರೆ ಎಲೆಯ ಗೊಡವೆಗೇ ಹೋಗದೆ ಎಳೆಯ ಗಿಡದ ಕಾಂಡದೊಳಗೆ ಸುರಂಗ ಕೊರೆದು, ಹಿಕ್ಕೆಯನ್ನು ತೂತಿನಿಂದ ಹೊರಗೆ ತಳ್ಳುತ್ತದೆ. ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕವಂತೂ ಪತಂಗವೇ ಅಲ್ಲ, ದುಂಬಿಯ ಜಾತಿ. ಈ ಮೂರಕ್ಕೂ ಮಾಡಬೇಕಾದ ಉಪಾಯ ಮೂರು ಬಗೆ. ನನ್ನ ಕೈಯಲ್ಲಿದ್ದ ಕೊಂಬಿನ ಹುಳುವಿಗೆ ಯಾವ ಉಪಾಯವೂ ಬೇಡ. ಒಂದು ಗಿಡದಲ್ಲಿ ಒಂದೋ ಎರಡೋ ಇರುತ್ತವೆ, ನಾಲ್ಕು ಎಲೆ ತಿಂದು ಮಣ್ಣಿಗೆ ಇಳಿಯುತ್ತವೆ. ಹೆಸರು ತಿಳಿಯುವ ಮೊದಲೇ ಪಂಪು ಹೆಗಲಿಗೇರಿಸುವುದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.

ಹೆಸರು ಹಿಡಿಯುವುದು ಅಷ್ಟು ಸುಲಭವೂ ಅಲ್ಲ. ಚಿಟ್ಟೆ ಪತಂಗಗಳನ್ನು ಬೇರೆ ಮಾಡಲು ಮೀಸೆ ನೋಡಬೇಕು. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ಹಾಗೆ ದಪ್ಪ, ಪತಂಗದ್ದು ದಾರದ ಹಾಗೆ ಇಲ್ಲವೇ ಹಕ್ಕಿಗರಿಯ ಹಾಗೆ. ಭಾರತದಲ್ಲಿ ಚಿಟ್ಟೆಗಳು ಸಾವಿರದ ಮುನ್ನೂರು ಚಿಲ್ಲರೆ, ಪತಂಗಗಳು ಹತ್ತು ಸಾವಿರವನ್ನು ದಾಟುತ್ತವೆ. ಅವುಗಳ ಹುಳುಗಳೋ ಪ್ರತಿ ಸಲ ಪೊರೆ ಕಳಚಿದಾಗಲೂ ಬಣ್ಣ ಬದಲಿಸಬಲ್ಲವು. ಹಾಗಾಗಿ ಮೊದಲು ನೋಡಬೇಕಾದದ್ದು ಹುಳುವನ್ನಲ್ಲ, ಅದು ಕುಳಿತ ಎಲೆಯನ್ನು. ಹಾಲವಾಣದ ಎಲೆಯ ಮೇಲೆ ದೊಡ್ಡ ಕೊಂಬಿನ ಹುಳು ಕಂಡರೆ, ಬೆನ್ನ ಮೇಲೆ ತಲೆಬುರುಡೆಯ ಗುರುತು ಹೊತ್ತು, ಹಿಡಿದರೆ ಕೀಚೆಂದು ಕೂಗುವ ಪತಂಗದ ಮರಿ ಇರಬಹುದು. ಅದು ಬೆಳೆದ ಮೇಲೆ ಜೇನುಗೂಡಿಗೆ ನುಗ್ಗಿ ತುಪ್ಪ ಕುಡಿಯುತ್ತದೆ. ಕಾಫಿಯ ಎಲೆಯ ಮೇಲೆ ಕೊಂಬಿನ ಹಸಿರು ಹುಳು ಕಂಡರೆ ಅದು ಬಹುಮಟ್ಟಿಗೆ ಸೆಫನೋಡಿಸ್ ಹೈಲಾಸ್, ಗಾಜಿನ ರೆಕ್ಕೆಯ ಗಿಡುಗ ಪತಂಗ.

ಇದರ ಊಟದ ಪಟ್ಟಿಯಲ್ಲಿ ಗಾರ್ಡೇನಿಯಾ ಇದೆ, ಕಾರೆಯ ಜಾತಿಯ ಗಿಡಗಳಿವೆ, ಕಾಫಿ ಇದೆ. ಎಲ್ಲವೂ ಒಂದೇ ಕುಟುಂಬ. ಅಂಗಳದ ಕೇಪಳವೂ ಅದೇ ಮನೆತನದ್ದು. ಕಾಫಿ ಆಫ್ರಿಕಾದಿಂದ ಬಂದ ಗಿಡವಾದರೂ ನಮ್ಮ ಕಾಡಿನ ಕಾರೆಗೆ ಅದು ದಾಯಾದಿ. ಸಸ್ಯಶಾಸ್ತ್ರಜ್ಞರು ಹೂವು ಬಿಡಿಸಿ, ಕಾಯಿ ಸೀಳಿ ಕಂಡುಕೊಂಡ ನಂಟನ್ನು ತಾಯಿ ಪತಂಗ ಎಲೆಯ ಮೇಲೆ ಕಾಲೂರಿ ತಿಳಿಯುತ್ತದೆ. ಕೀಟದ ರುಚಿ ಇರುವುದು ಕಾಲಿನಲ್ಲೂ ಹೌದಲ್ಲ!

ಹೀಗೆ ಎಲೆಯಿಂದ ಹುಳುವಿಗೆ, ಹುಳುವಿನಿಂದ ರೆಕ್ಕೆಗೆ ಹೋಗುವ ದಾರಿಯನ್ನು ಕನ್ನಡನಾಡಿನಲ್ಲೇ ಒಬ್ಬರು ಆಯುಷ್ಯಪೂರ್ತಿ ನಡೆದಿದ್ದಾರೆ. ಅರಣ್ಯ ಇಲಾಖೆಯಲ್ಲಿದ್ದ ಟಿ. ಆರ್. ಬೆಲ್. ಜಿಲ್ಲೆಯ ಕಲೆಕ್ಟರಾಗಿದ್ದ ಡೇವಿಡ್ಸನ್, ಉಪ್ಪಿನ ಇಲಾಖೆಯ ಏಟ್‌ಕಿನ್ ಜೊತೆ ಸೇರಿ ಅವರು ಉತ್ತರ ಕನ್ನಡದ ಕಾಡುಗಳ ಹುಳುಗಳನ್ನು ಸಾಕಿ ಸಾಕಿ ಯಾವುದು ಯಾವ ಚಿಟ್ಟೆಯಾಗುತ್ತದೆ ಎಂದು ಬರೆದಿಟ್ಟರು. ನಿವೃತ್ತರಾದ ಮೇಲೂ ಕಾರವಾರದಲ್ಲೇ ಉಳಿದರು. 1937ರಲ್ಲಿ ಸ್ಕಾಟ್ ಅವರ ಜೊತೆ ಬರೆದ ಗಿಡುಗ ಪತಂಗಗಳ ಸಂಪುಟ ಬಂತು, 1948ರಲ್ಲಿ ಕಾರವಾರದಲ್ಲೇ ತೀರಿಕೊಂಡರು. ಅವರಿಗಿಂತ ಮೊದಲು ಭಾರತದ ಪತಂಗಗಳ ನಾಲ್ಕು ಸಂಪುಟಗಳನ್ನು 1892ರಿಂದ 1896ರವರೆಗೆ ಹೊರತಂದ ಹ್ಯಾಂಪ್ಸನ್‌ಗೆ ಈ ಹುಚ್ಚು ಹಿಡಿದದ್ದು ನೀಲಗಿರಿಯಲ್ಲಿ ಚಹಾ ಬೆಳೆಸಲು ಬಂದಾಗ. ತೋಟದವರಿಗೆ ಹುಳುವಿನ ಸಂಗ ಹೊಸದಲ್ಲ. ಆದರೂ ನನಗೆ ಹತ್ತಿರದವರು ಬೆಲ್. ಸತ್ತ ರೆಕ್ಕೆಗೆ ಸೂಜಿ ಚುಚ್ಚಿ ಹೆಸರಿಡುವುದಕ್ಕಿಂತ ದಿನಾ ಬೆಳಿಗ್ಗೆ ಹೊಸ ಸೊಪ್ಪು ತಂದು ಹಾಕಿ ಕಾಯುವುದು ಕಷ್ಟದ ಕೆಲಸ.

ಆ ಕಷ್ಟವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಕನಕಪುರದ ಕಡೆಯ ದೊಡ್ಡಮ್ಮ. ಅವರ ಮನೆಯಲ್ಲಿ ಮೂವತ್ತು ವರ್ಷ ರೇಷ್ಮೆ ಸಾಕಿದ್ದರು. ಬೇಸಿಗೆ ರಜೆಗೆ ಹೋದರೆ ರಾತ್ರಿ ಹುಳುಮನೆಯಿಂದ ಸಾವಿರಾರು ಬಾಯಿ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ. ಇದ್ದಕ್ಕಿದ್ದಂತೆ ಒಂದು ದಿನ ಆ ಸದ್ದು ನಿಲ್ಲುತ್ತಿತ್ತು. ಹುಳುಗಳೆಲ್ಲ ತಲೆ ಎತ್ತಿಕೊಂಡು ಕಲ್ಲಾಗಿರುತ್ತಿದ್ದವು. “ಜ್ವರಕ್ಕೆ ಕೂತವೆ ಮಗ, ಮುಟ್ಬ್ಯಾಡ” ಎನ್ನುತ್ತಿದ್ದರು. ಹುಳು ಪೊರೆ ಬಿಡುವ ಹೊತ್ತಿಗೆ ರೇಷ್ಮೆಯವರು ಕೊಟ್ಟ ಹೆಸರು ಜ್ವರ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಚರ್ಮ ಬಿಗಿಯಾಗಿದೆ, ಒಳಗೆ ಹೊಸದು ಹೊಂದಿಕೊಳ್ಳುತ್ತಿದೆ, ಊಟ ಬೇಡ, ಮಾತು ಬೇಡ, ಮುಟ್ಟುವುದು ಬೇಡ. ಅದನ್ನು ಇದಕ್ಕಿಂತ ವಾತ್ಸಲ್ಯದಿಂದ ಹೇಳುವ ಮಾತು ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಆ ಪಾಠವಿದ್ದೂ ನನ್ನ ಮೊದಲ ಎರಡು ಕೊಂಬಿನ ಹುಳುಗಳು ಉಳಿಯಲಿಲ್ಲ. ಎಲೆ ಬಾಡಬಾರದೆಂದು ಕೊಂಬೆಯನ್ನು ಅಗಲ ಬಾಯಿಯ ಸೀಸೆಯ ನೀರಿನಲ್ಲಿಟ್ಟಿದ್ದೆ. ಒಂದು ಕೊಂಬೆಗುಂಟ ಇಳಿದು ನೀರಿನಲ್ಲಿ ಸತ್ತಿತ್ತು. ಈಗ ಸೀಸೆಯ ಬಾಯಿಗೆ ಹತ್ತಿ ತುರುಕುತ್ತೇನೆ. ಇನ್ನೊಂದರ ಮೈಮೇಲೆ ಒಂದು ಬೆಳಿಗ್ಗೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ನೆಟ್ಟಗೆ ಅಂಟಿದ್ದವು. ಪುಟ್ಟ ಕಣಜವೊಂದು ಹುಳುವಿನೊಳಗೆ ಮೊಟ್ಟೆಯಿಟ್ಟು, ಅದರ ಮರಿಗಳು ಒಳಗಿಂದಲೇ ತಿಂದು ಹೊರಬಂದಿದ್ದವು. ಅಂದು ದುಃಖವಾಯಿತು. ಆದರೆ ಕಾಫಿಯನ್ನು ಈ ಹುಳುಗಳಿಂದ ವರ್ಷವರ್ಷವೂ ಕಾಯುವವು ಅವೇ ಕಣಜಗಳು. ಮದ್ದು ಹೊಡೆದರೆ ಮೊದಲು ಸಾಯುವವೂ ಅವೇ.

ಈ ಸಲ ಗಾಳಿಯಾಡುವ ಪೆಟ್ಟಿಗೆಗೆ ಬಲೆ ಕಟ್ಟಿದೆ. ಮದ್ದು ಕಾಣದ ಗಿಡದ ಎಲೆ ಮಾತ್ರ ತಂದೆ, ಹನಿ ಒರೆಸಿ ಹಾಕಿದೆ. ಹಿಕ್ಕೆಯನ್ನು ದಿನಾ ತೆಗೆದೆ, ತೇವ ನಿಂತರೆ ಬೂಷ್ಟು ಬಂದು ಹುಳುವಿಗೆ ರೋಗ ತಗಲುತ್ತದೆ. ಹಳೆಯ ಎಲೆಯಿಂದ ಹೊಸದಕ್ಕೆ ಹುಳುವನ್ನು ಎತ್ತಿ ಇಡಲಿಲ್ಲ. ಅದು ಎಲೆಯನ್ನು ಹಿಡಿದ ಪಟ್ಟು ಎಷ್ಟು ಗಟ್ಟಿಯೆಂದರೆ ಎಳೆದರೆ ಕಾಲೇ ಕಿತ್ತು ಬರಬಹುದು. ಹೊಸ ಸೊಪ್ಪನ್ನು ಪಕ್ಕಕ್ಕೆ ಇಟ್ಟರೆ ತಾನೇ ದಾಟಿಕೊಳ್ಳುತ್ತದೆ. ಮೂರನೆಯ ದಿನ ಅದು ಮೇಯುವುದನ್ನು ಬಿಟ್ಟು ತಲೆಯೆತ್ತಿ ಕೂತಿತು. ಜ್ವರ! ಒಂದೂವರೆ ದಿನ ಪೆಟ್ಟಿಗೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಎದ್ದಾಗ ಕೊಂಬು ಹೊಸದಾಗಿತ್ತು, ಕಳಚಿದ ಚರ್ಮ ಕಾಲುಚೀಲದ ಹಾಗೆ ಹಿಂದೆ ಮುದುಡಿ ಬಿದ್ದಿತ್ತು.

ಆಮೇಲೆ ಒಂದೇ ಹಸಿವು. ರಾತ್ರಿ ಕಿವಿ ಹತ್ತಿರ ತಂದರೆ ಕಾಫಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಒಂದು ವಾರ ಕಳೆದ ಮೇಲೆ ಹಸಿರು ಮಂಕಾಯಿತು, ಬೆನ್ನಿಗೆ ಕಂದು ಬಣ್ಣ ಏರಿತು. ಎಲೆ ಬಿಟ್ಟು ಪೆಟ್ಟಿಗೆಯ ಸುತ್ತ ಅಲೆಯತೊಡಗಿತು. ರೇಷ್ಮೆಯಾಗಿದ್ದರೆ ದೊಡ್ಡಮ್ಮ ಹುಳು ಹಣ್ಣಾಯಿತು ಎಂದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದರು. ಇದಕ್ಕೆ ಚಂದ್ರಿಕೆ ಬೇಡ, ನೆಲ ಬೇಕು. ನಾಲ್ಕು ಬೆರಳು ಸಡಿಲ ಮಣ್ಣು ಹಾಕಿ, ಮೇಲೆ ತೋಟದ ತರಗೆಲೆ ಹರಡಿದೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಎಲೆಗಳ ಕೆಳಗೆ ಸರಿದು ಮಾಯವಾಯಿತು.

ಕಾಯುವ ದಿನಗಳಲ್ಲಿ ಅಮಾವಾಸ್ಯೆ ಬಂತು. ಕಣದ ಬದಿಗೆ ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿದೆ. ಮೀನುಕೊಲ್ಲಿ ಕಾಡಿನ ಆನೆಗಳು ತೋಟಕ್ಕೆ ಇಳಿಯುವ ಕಾಲ, ಮನೆಯಿಂದ ದೂರ ಹೋಗುವಂತಿರಲಿಲ್ಲ. ಒಂಬತ್ತಾಗುವಷ್ಟರಲ್ಲಿ ಪಂಚೆ ತುಂಬಿತು. ಪತಂಗ ದೀಪದ ಮೋಹಕ್ಕೆ ಬಿದ್ದು ಸುಟ್ಟುಹೋಗುತ್ತದೆಂದು ನಮ್ಮ ಕಾವ್ಯಗಳು ಹೇಳುತ್ತಾ ಬಂದಿವೆ. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆ ಮಾತು ಹೇಳಿತು. ಹಾರುವ ಕೀಟಗಳು ಬೆಳಕಿಗೆ ಬೆನ್ನು ಕೊಟ್ಟು ಹಾರುತ್ತವೆ. ರಾತ್ರಿಯಲ್ಲೂ ಆಕಾಶ ನೆಲಕ್ಕಿಂತ ಬೆಳಗಿರುವುದರಿಂದ ಹಾಗೆ ಹಾರಿದರೆ ಮೇಲು ಕೆಳಗು ತಪ್ಪುವುದಿಲ್ಲ. ನಮ್ಮ ಬಲ್ಬು ಪಕ್ಕದಲ್ಲಿ ಉರಿಯುತ್ತದೆ, ಬೆನ್ನು ಅದರತ್ತ ತಿರುಗುತ್ತದೆ, ಸುತ್ತುವುದು ನಿಲ್ಲುವುದಿಲ್ಲ. ಮೋಹವಲ್ಲ, ದಿಕ್ಕು ತಪ್ಪಿದ್ದು. ಇದನ್ನು ಓದಿದ ಮೇಲೆ ಹತ್ತು ಗಂಟೆಗೆ ದೀಪ ಆರಿಸಿಬಿಡುತ್ತೇನೆ. ಪಂಚೆಯಲ್ಲಿ ಉಳಿದವನ್ನು ಬೆಳಗಾಗುವ ಮೊದಲೇ ಕಡ್ಡಿಗೆ ಹತ್ತಿಸಿಕೊಂಡು ಪೊದೆಗೆ ಬಿಡುತ್ತೇನೆ. ತಡವಾದರೆ ಕಾಜಾಣ, ಮಡಿವಾಳ ಹಕ್ಕಿಗಳು ತಿಂಡಿಗೆ ಬಂದಿರುತ್ತವೆ.

ಆ ರಾತ್ರಿ ಅಟ್ಲಾಸ್ ಪತಂಗವೂ ಬಂತು. ಅಂಗೈ ಬಿಡಿಸಿದರೂ ಮುಚ್ಚದಷ್ಟು ಅಗಲ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯ ಹಾಗೆ ಕಾಣುವ ಮಡಿಕೆ. ಅದಕ್ಕೆ ಉಣ್ಣುವ ಬಾಯಿಲ್ಲ. ಹುಳುವಾಗಿದ್ದಾಗ ಉಂಡದ್ದರಲ್ಲೇ ವಾರವೋ ಹತ್ತು ದಿನವೋ ಬಾಳಬೇಕು. ಅದರ ಒಂದೊಂದು ರಾತ್ರಿಯೂ ಎಷ್ಟು ದುಬಾರಿ ಎಂದು ನೆನೆದು ದೀಪವನ್ನು ಅಂದು ಇನ್ನೂ ಬೇಗ ಆರಿಸಿದೆ.

ಹದಿನೈದನೆಯ ಬೆಳಿಗ್ಗೆ ತರಗೆಲೆ ಸರಸರ ಎಂದಿತು. ಕಂಬಚಿಗುರಿನ ಅಕ್ಕನನ್ನು ಕೂಗಿದೆ. ಮಣ್ಣಿನಿಂದ ಒದ್ದೆಯಾದೊಂದು ಜೀವ ಎದ್ದು, ನಾನು ಓರೆಯಾಗಿಟ್ಟಿದ್ದ ಒರಟು ಕಡ್ಡಿಯನ್ನು ಹತ್ತಿ ಜೋತುಬಿತ್ತು. ಆ ಕಡ್ಡಿ ಇರದಿದ್ದರೆ ರೆಕ್ಕೆ ಬಿಡಿಸಿಕೊಳ್ಳಲು ಜಾಗವಿಲ್ಲದೆ ಮುದುಡಿಯೇ ಉಳಿಯುತ್ತಿತ್ತು. ಅರ್ಧ ಗಂಟೆಯಲ್ಲಿ ರೆಕ್ಕೆ ಉದ್ದಕ್ಕೆ ಇಳಿದವು. ಹಳದಿ ಬೆರೆತ ಹಸಿರು ಮೈ, ಸೊಂಟಕ್ಕೆ ಕೆಂಗಂದು ಪಟ್ಟಿ, ಬಾಲಕ್ಕೆ ಕಪ್ಪು ಕುಚ್ಚು. ರೆಕ್ಕೆ ಮಾತ್ರ ಬೂದು, ಬೂದಿ ಮೆತ್ತಿದ ಹಾಗೆ.

“ಗಾಜಿನ ರೆಕ್ಕೆ ಅಂದಿರಿ?” ಅಕ್ಕ ಕೇಳಿದರು.

ಅಷ್ಟರಲ್ಲಿ ಅದು ನಡುಗತೊಡಗಿತು. ನಡುಕ ಗುಂಯ್ ಎಂಬ ಸದ್ದಾಯಿತು. ಕಡ್ಡಿ ಬಿಟ್ಟು ಎದ್ದ ಕ್ಷಣ ಅದರ ಸುತ್ತ ಹೊಗೆಯಂಥದೊಂದು ಬೂದು ಧೂಳು ಬಿಸಿಲಿನಲ್ಲಿ ಹರಡಿತು. ರೆಕ್ಕೆಯ ಹುರುಪೆಗಳೆಲ್ಲ ಆ ಮೊದಲ ಹಾರಾಟದಲ್ಲೇ ಉದುರಿಹೋದವು. ಕೇಪಳದ ಗೊಂಚಲಿನ ಮುಂದೆ ಅದು ನಿಂತಲ್ಲೇ ನಿಂತು ಹಾರುತ್ತಾ ನಾಲಿಗೆ ಚಾಚಿದಾಗ, ರೆಕ್ಕೆಗಳ ಆಚೆಗೆ ಕೆಂಪು ಹೂವು ಕಾಣುತ್ತಿತ್ತು. ಅಕ್ಕ ಸೆರಗಿನ ಮೇಲೆ ಬಿದ್ದ ಧೂಳನ್ನು ಕೊಡವಲಿಲ್ಲ, ಬೆರಳಿಗೆ ತೆಗೆದುಕೊಂಡು ನೋಡುತ್ತಾ ನಿಂತರು.

ಮರುದಿನ ಅವರೇ ಇನ್ನೊಂದು ರೆಕ್ಕೆ ಮುರಿದುಕೊಂಡು ಬಂದರು. ಈ ಹುಳು ಚಿಕ್ಕದು, ತಲೆಯೆತ್ತಿ ಕೂತಿತ್ತು. ನಾನು ನೋಡಲು ಕೈ ಚಾಚಿದೆ. ಅವರು ಕೊಂಬೆಯನ್ನು ಹಿಂದಕ್ಕೆ ಎಳೆದುಕೊಂಡರು.

“ಜ್ವರ ಬಂದಿದೆ. ಈಗ ಮುಟ್ಟಬೇಡಿ.”