ಮಾರಿಗಿ ಏನ್ ಹಚ್ಚತಿ?

ಬೀದರ್ ಸೀಮೆಯ ನಮ್ಮ ಬಗದಲ್ ಕಡೆ ಲಗ್ನ ಗೊತ್ತಾದ ಹುಡುಗಿಯನ್ನು ಓಣಿಯ ಹೆಂಗಸರು ನಿಲ್ಲಿಸಿ ಕೇಳುವುದು ಗಂಡಿನ ಊರನ್ನಲ್ಲ, ಅವನ ನೌಕರಿಯನ್ನೂ ಅಲ್ಲ. "ಮಾರಿಗಿ ಏನ್ ಹಚ್ಚತಿ ತಂಗಿ?" ಅಂತ ಕೇಳುತ್ತಾರೆ. "ಏನೂ ಇಲ್ರೀ ವೈನಿ" ಎಂದರೆ ನಂಬುವುದಿಲ್ಲ. "ಕಡ್ಲಿಹಿಟ್ಟು" ಎಂದರೆ ಅರ್ಧ ನಂಬುತ್ತಾರೆ. ಯಾವುದಾದರೊಂದು ಟ್ಯೂಬಿನ ಹೆಸರು ಹೇಳಿದರೆ ಮಾತ್ರ ಸಮಾಧಾನ. ಮುಂದಿನ ಸಂತೆಯ ಹೊತ್ತಿಗೆ ಆ ಟ್ಯೂಬು ಓಣಿಯ ಅರ್ಧ ಮನೆಗಳ ಕನ್ನಡಿಯ ಹಿಂದೆ ಸೇರಿರುತ್ತದೆ.

ಇದಕ್ಕೆಲ್ಲ ಬಿಸಿಲೇ ಮೂಲ. ಬೀದರ್ ಸೀಮೆ ಇರುವುದು 18 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಸ್ವಲ್ಪ ಕೆಳಗೆ. ಹಾಗಾಗಿ ಸೂರ್ಯ ವರ್ಷಕ್ಕೆ 2 ಸಲ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬಂದು ನಿಲ್ಲುತ್ತಾನೆ, ಮೇ ಎರಡನೇ ವಾರದಲ್ಲೊಮ್ಮೆ, ಜುಲೈ ಮುಗಿಯುವಾಗೊಮ್ಮೆ. ಜುಲೈದು ಸಾಮಾನ್ಯವಾಗಿ ಮೋಡದಲ್ಲಿ ಕಳೆದುಹೋಗುತ್ತದೆ. ಮೇ ತಿಂಗಳದ್ದು ಪೂರ್ತಿ ನಮ್ಮ ಪಾಲಿಗೆ. ಇಂಥ ಬಿಸಿಲಿನ ಕೆಳಗೆ ತಲೆಮಾರುಗಟ್ಟಲೆ ಬಾಳಿದವರ ಚರ್ಮ ಮೆಲನಿನ್ ಎಂಬ ಬಣ್ಣವನ್ನು ಹೆಚ್ಚಾಗಿ ಮಾಡಿಕೊಂಡು, ನೇರಳಾತೀತ ಕಿರಣ ಜೀವಕೋಶದ ತಿರುಳಿಗೆ ತಾಗದಂತೆ ಹಿಡಿದುಕೊಳ್ಳುತ್ತದೆ. ಅದು ತನ್ನ ಕೆಲಸವನ್ನು ಚೊಕ್ಕ ಮಾಡಿದ್ದಕ್ಕೆ ನಾವು "ಮಾರಿ ಕರ್ರಗಾಗ್ಯದ" ಎಂದು ಕೊರಗುತ್ತೇವೆ.

ತೊಗರಿ ಕೊಯ್ಲಿಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆ-ಕಿವಿ ಮುಚ್ಚಿದ ಟವೆಲ್ಲು. ಬೀದರಿನ ಕಾಲೇಜಿಗೆ ಸ್ಕೂಟಿಯಲ್ಲಿ ಹೋಗುವವರು ಓಢಣಿಯನ್ನು ಕಣ್ಣಷ್ಟೇ ಕಾಣುವಂತೆ ಬಿಗಿಯುತ್ತಾರೆ. ಚರ್ಮದ ಡಾಕ್ಟರರೂ ಮೊದಲು ಹೇಳುವುದು ನೆರಳು ಮತ್ತು ಬಟ್ಟೆ, ಆಮೇಲೆ ಕ್ರೀಮು. ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ 30 ಎಂದು ಬರೆದಿದೆಯೇ ನೋಡಿದರೆ ಸಾಕು. ಚರ್ಮ ಸುಡುವ ಕಿರಣಗಳಲ್ಲಿ ನೂರಕ್ಕೆ 97ರಷ್ಟನ್ನು ಅದು ತಡೆಯುತ್ತದೆ. 50 ಎಂದು ಬರೆದದ್ದು ತಡೆಯುವುದು 98. ಆ ಒಂದಕ್ಕಾಗಿ ಅಂಗಡಿಯವನ ಜೊತೆ ಜಗ್ಗಾಡುವವರು ಹಚ್ಚುವಾಗ ಮಾತ್ರ ಕಡಲೆಕಾಳಿನಷ್ಟೇ ಹಚ್ಚುತ್ತಾರೆ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಹೊರಗೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿಯ ದುಡ್ಡಿನಲ್ಲಿ ಇದು ನಡೆಯುವ ಮಾತಲ್ಲ, ಗಂಡನ ಅಂಗಿಯೇ ಮೇಲು.

1975ರಲ್ಲಿ ಎರಡು ಸಂಗತಿ ನಡೆದವು. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್, ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂಬುದರ ಮೇಲೆ ಮನುಷ್ಯರನ್ನು ವಿಂಗಡಿಸುವ ಒಂದು ಅಳತೆ ಮಾಡಿದ. ಮೊದಲಿಗೆ ಅದರಲ್ಲಿದ್ದದ್ದು ಬಿಳಿಯರ 4 ಬಗೆಗಳು ಮಾತ್ರ. ಕಂದು ಮತ್ತು ಕಪ್ಪು ಚರ್ಮದ 5, 6ನೆಯ ಬಗೆ ಆಮೇಲೆ ಸೇರಿದವು. ಅದೇ ವರ್ಷ ಹಿಂದೂಸ್ತಾನ್ ಲಿವರ್ ಕಂಪನಿ ಫೇರ್ ಅಂಡ್ ಲವ್ಲಿಯನ್ನು ನಮ್ಮ ದೇಶದ ಪೇಟೆಗೆ ತಂದಿತು. ಅಲ್ಲಿ ಅಳೆದರು, ಇಲ್ಲಿ ಮಾರಿದರು. ಗಂಡಸರು ಅದನ್ನೇ ಕದ್ದು ಹಚ್ಚುತ್ತಿದ್ದಾರೆಂದು ಗೊತ್ತಾಗಿಯೋ ಏನೋ, 2005ರಲ್ಲಿ ಇಮಾಮಿಯವರು ಅವರಿಗೇ ಬೇರೆ ಟ್ಯೂಬು ಮಾಡಿದರು. 2020ರಲ್ಲಿ ಲಿವರ್ ಕಂಪನಿಯ ಟ್ಯೂಬಿನ ಹೆಸರಿನಲ್ಲಿ ಫೇರ್ ಹೋಗಿ ಗ್ಲೋ ಬಂತು. ನಮ್ಮ ಕಿರಾಣಿ ಅಂಗಡಿಯಲ್ಲಿ ಇವತ್ತಿಗೂ ಹಳೆಯ ಹೆಸರಿನಲ್ಲೇ ಕೇಳುತ್ತಾರೆ, ಅಂಗಡಿಯವನು ಹೊಸ ಹೆಸರಿನದನ್ನು ಕೊಡುತ್ತಾನೆ, ಯಾರಿಗೂ ಏನೂ ಅನ್ನಿಸುವುದಿಲ್ಲ.

ಹಾಗೆಂದು ಈ ಚಪಲವನ್ನು ಕಂಪನಿಯೇ ಹುಟ್ಟಿಸಿತೆಂದರೆ ನಾವು ಸುಲಭವಾಗಿ ಪಾರಾದಂತೆ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಕೂದಲನ್ನೇ ಉಡುಗೆ ಮಾಡಿಕೊಂಡು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯ ಬಗ್ಗೆ ನಾವು ಭಾಷಣ ಮಾಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಭಾಷಣ ಮಾಡಿದವರೇ ಮಗನಿಗೆ ಕನ್ಯೆ ನೋಡಿ ಬರುವಾಗ ಜೀಪಿನಲ್ಲಿ ಕೂತು, "ಎಲ್ಲಾ ಛಲೋ ಅದ, ಬಣ್ಣ ಒಂದ್ ಜರಾ ಕಮ್ಮಿ" ಎನ್ನುತ್ತಾರೆ. ಲೆಕ್ಕ ಹಾಕಿದರೆ ಆ ಹುಡುಗಿಯಲ್ಲಿ ಬಣ್ಣ ಹೆಚ್ಚೇ ಇರುತ್ತದೆ.

ಕ್ರೀಮಿನಲ್ಲಿ ಬರೀ ಆಸೆ ಇದ್ದರೆ ದುಡ್ಡಷ್ಟೇ ಹೋಗುತ್ತದೆ. ಹೆದರಬೇಕಾದ್ದು ಔಷಧಿ ಅಂಗಡಿಯ ಸಣ್ಣ ಟ್ಯೂಬಿಗೆ. ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಇವೆಲ್ಲ ಸ್ಟಿರಾಯ್ಡುಗಳು. ಇಸುಬಿನಂಥ ರೋಗಕ್ಕೆ ಡಾಕ್ಟರು ಲೆಕ್ಕವಿಟ್ಟು ಬರೆದುಕೊಡುವ ಮದ್ದು. ಇದನ್ನು ದಿನಾ ಮುಖಕ್ಕೆ ಹಚ್ಚಿದರೆ ಮೊದಮೊದಲು ಮುಖ ತಿಳಿಯಾಗುತ್ತದೆ, ಮೊಡವೆ ಅಡಗುತ್ತವೆ, ಓಣಿಯಲ್ಲಿ ಸುದ್ದಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಮೇಲೆ ಕಾಣುತ್ತವೆ, ಅಡಗಿದ್ದ ಮೊಡವೆ ದಂಡುಕಟ್ಟಿ ಬರುತ್ತವೆ, ಗಲ್ಲದ ಮೇಲೆ ಕೂದಲು ಹುಟ್ಟುತ್ತವೆ, ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತರೆ ಮುಖ ಧಗಧಗ ಉರಿಯುತ್ತದೆ. ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚು. ಅದಕ್ಕೇ ಮತ್ತೆ ಅದೇ ಟ್ಯೂಬು. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಕೌಂಟರಿನ ಮುಂದೆ ನಿಂತು "ಭೈಯ್ಯಾ, ಆ ಬೆಳ್ಳಗಾಗೋದು ಕೊಡ್ರಿ" ಎನ್ನುವವರ ಕೈಯಲ್ಲಿ ಚೀಟಿ ಇರುವುದನ್ನು ನಾನು ನೋಡಿಲ್ಲ. ವಿಳಾಸವಿಲ್ಲದ ಡಬ್ಬಿಗಳ ಕಥೆ ಇನ್ನೂ ಕೆಟ್ಟದ್ದು, ಕೆಲವದರಲ್ಲಿ ಪಾದರಸ ಇರುತ್ತದೆ. ಅದು ಮೆಲನಿನ್ ಹುಟ್ಟದಂತೆ ಮಾಡುತ್ತದೆ, ಜೊತೆಗೆ ಕಿಡ್ನಿಗೂ ಕೈ ಹಾಕುತ್ತದೆ.

ಮುಖಕ್ಕೆ ನಿಜವಾಗಿ ಬೇಕಾದ್ದು ಬೇಸರ ಬರುವಷ್ಟು ಕಡಿಮೆ. ಬೆಳಿಗ್ಗೆ-ಸಂಜೆ ಮುಖ ತೊಳೆಯುವುದು, ತೊಳೆದ ಮೇಲೆ ಟವೆಲಿನಿಂದ ತಿಕ್ಕದೆ ಒತ್ತಿ ಒರೆಸುವುದು. ಬೀದರಿನ ಚಳಿ ಬೇರೆ. ರಾಜ್ಯದಲ್ಲಿ ಅತಿ ಕಡಿಮೆ ತಾಪಮಾನ ದಾಖಲಾದ ಊರುಗಳಲ್ಲಿ ಡಿಸೆಂಬರಿನಾಗ ನಮ್ಮ ಹೆಸರು ಆಗಾಗ ಬರುತ್ತದೆ. ಒಣಗಾಳಿಗೆ ತುಟಿ ಒಡೆಯುತ್ತವೆ, ಹಿಮ್ಮಡಿ ಬಿರಿಯುತ್ತದೆ. ಆಗ ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಬೇಕು. ಚರ್ಮದಲ್ಲಿರುವ ನೀರು ಆರಿಹೋಗದಂತೆ ತಡೆಯುವುದಷ್ಟೇ ಅವುಗಳ ಕೆಲಸ, ಹಾಗಾಗಿ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಉಪಯೋಗ ಅರ್ಧ. ಮೊಡವೆ ಏಳುವ ವಯಸ್ಸಿನವರು ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬಿಡುವುದು ಒಳ್ಳೆಯದು, ರಂಧ್ರ ಕಟ್ಟುತ್ತದೆ. ಕಡ್ಲಿಹಿಟ್ಟು, ಮುಲ್ತಾನಿ ಮಿಟ್ಟಿ ಎಣ್ಣೆ ತೆಗೆಯುತ್ತವೆ, ಬಣ್ಣ ತೆಗೆಯುವುದಿಲ್ಲ. ಲಗ್ನದ ಸುರಿಗಿ ನೀರಿನ ಹೊತ್ತಿಗೆ ಮೆತ್ತುವ ಅರಿಶಿಣ ಒಂದೆರಡು ದಿನ ಹಳದಿಯಾಗಿದ್ದು ಇಳಿದುಹೋಗುತ್ತದೆ. ಅದರ ಚೆಲುವು ಮೆತ್ತುವವರ ಗದ್ದಲದಲ್ಲಿದೆ. ಲಿಂಬಿಹಣ್ಣೊಂದು ಮುಖಕ್ಕೆ ಬೇಡವೇ ಬೇಡ. ಅದರ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು, ಬಿದ್ದ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಬೆಳ್ಳಗಾಗಲು ಹೋಗಿ ಕಪ್ಪಾಗುವ ದಾರಿ ಇದೊಂದೇ ಅಲ್ಲ, ಅಗ್ಗದ್ದು ಮಾತ್ರ ಇದೇ.

ಬೀದರಿನವರಾಗಿ ಕಪ್ಪನ್ನು ನಾವು ಹೀಗೆ ಹಳಿಯುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಬಿದರಿ ಪಾತ್ರೆ ಎರಕದಿಂದ ಬಂದಾಗ ಬಿಳಿಚಿಕೊಂಡೇ ಇರುತ್ತದೆ. ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿದ ಲೋಹ ಅದು. ಬೆಳ್ಳಿ ತಂತಿ ಕೂರಿಸಿದರೂ ಆಗ ಬೆಳ್ಳಿ ಯಾವುದು, ಸತು ಯಾವುದು ತಿಳಿಯುವುದಿಲ್ಲ. ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಕಾಯಿಸಿದ ಪಾತ್ರೆಗೆ ಉಜ್ಜಿದಾಗ ಸತು ಗಾಢ ಕಪ್ಪಾಗುತ್ತದೆ, ಬೆಳ್ಳಿ ಎದ್ದು ಕಾಣುತ್ತದೆ. ಕೊನೆಗೆ ಕಪ್ಪು ಇನ್ನಷ್ಟು ಏರಲೆಂದು ಎಣ್ಣೆ ಬೇರೆ ತಿಕ್ಕುತ್ತಾರೆ. ಆ ಹೂದಾನಿಯನ್ನು ಶೋಕೇಸಿನಲ್ಲಿಟ್ಟು, ಅದರ ಪಕ್ಕದಲ್ಲೇ ಬಿಳುಪಿನ ಕ್ರೀಮಿನ ಡಬ್ಬಿ ಇಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೆಲವು ಸನ್‌ಸ್ಕ್ರೀನುಗಳಲ್ಲಿ, ಬೆವರುಸಾಲೆಗೆ ಹಚ್ಚುವ ಕ್ಯಾಲಮೈನಿನಲ್ಲಿ ಇರುವ ಬಿಳಿ ಪುಡಿಯೂ ಅದೇ ಸತುವಿನದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಲಂಕಾರ ಬೇಡವೆನ್ನುವ ಸಾಧ್ವಿ ನಾನಲ್ಲ. ಕಾಡಿಗೆ ತೀಡಿದ ಕಣ್ಣಿಗೆ ಒಂದು ಗತ್ತು ಬರುತ್ತದೆ, ಅದು ಬೇಕು. ಆಯಿಯ ಕಾಲದಲ್ಲಿ ಔಡಲೆಣ್ಣಿ ದೀಪದ ಮಸಿಯನ್ನು ತಾಮ್ರದ ತಟ್ಟೆಗೆ ಹಿಡಿದು ತುಪ್ಪದಲ್ಲಿ ಕಲಸುತ್ತಿದ್ದರು. ಉರ್ಸು-ಜಾತ್ರೆಗಳಲ್ಲಿ ಮಾರುವ ಫಳಫಳ ಸುರಮಾ ಸೀಸದ ಅದಿರಿನದಿರಬಹುದು, ಕೂಸಿನ ಕಣ್ಣಿಗಂತೂ ಹಚ್ಚಬಾರದು. ಟಿಕಳಿಯ ಅಂಟಿನಲ್ಲಿರುವ ಒಂದು ರಾಸಾಯನಿಕ ಕೆಲವರ ಹಣೆಯ ಮೇಲೆ ಬಿಳಿ ಮಚ್ಚೆ ಎಬ್ಬಿಸುತ್ತದೆ. ಹಣೆ ತುರಿಸತೊಡಗಿದರೆ ಟಿಕಳಿ ಬಿಟ್ಟು ಕುಂಕುಮಕ್ಕೆ ಮರಳಬಹುದು, ಇಲ್ಲವೇ ಬೋಳು ಹಣೆಯಲ್ಲೇ ಓಡಾಡಬಹುದು, ಅದಕ್ಕೂ ಒಂದು ಗತ್ತಿದೆ.

ಈಗ ಬಯೋಡಾಟಾದ ಫೋಟೊ ವಾಟ್ಸಾಪಿನಲ್ಲಿ ಹೋಗುತ್ತದೆ. ಮೊಬೈಲು ಕೇಳದೆಯೇ ಮುಖವನ್ನು ನುಣ್ಣಗೆ, ಬೆಳ್ಳಗೆ ಮಾಡಿಕೊಡುತ್ತದೆ. ಬೀಗರು ಮನೆಗೆ ಬಂದು ಚಹಾ ತಂದವಳನ್ನು ದಾಟಿ ಒಳಬಾಗಿಲ ಕಡೆಗೆ ನೋಡುತ್ತಾರೆ, ಫೋಟೊದವಳು ಇನ್ನೂ ಬರಬೇಕೆಂದು. ಲಗ್ನದ ದಿನ ಇದರದೇ ಇನ್ನೊಂದು ಆಟ. ಪಾರ್ಲರಿನವರು ಮುಖಕ್ಕೆ ಎರಡು ಮೆಟ್ಟಿಲು ಬಿಳಿಯ ಫೌಂಡೇಶನ್ ಬಳಿಯುತ್ತಾರೆ. ಮುಖ ಒಂದು ಊರಿನದು, ಕಿವಿ-ಕುತ್ತಿಗೆ ಇನ್ನೊಂದು ಊರಿನದು, ಮದರಂಗಿ ಹಚ್ಚಿದ ಕೈ ಮಾತ್ರ ಬಗದಲದ್ದು. ಬೂದಿ ಮೆತ್ತಿದಂತೆ ಕಾಣುವ ಆ ಫೋಟೊ ಆಮೇಲೆ ಗೋಡೆಯ ಮೇಲೆ ಜೀವಮಾನವಿಡೀ ತೂಗುತ್ತದೆ.

ಲಗ್ನ ಗೊತ್ತಾದ ನನ್ನ ತಂಗಿಯರಿಗೆ ನಾನು ಹೇಳುವುದು ಇಷ್ಟೇ: ಫೌಂಡೇಶನ್ ಬಣ್ಣವನ್ನು ಮುಂಗೈಗೆ ಹಚ್ಚಿ ನೋಡಬೇಡ್ರಿ, ಟ್ಯೂಬ್‌ಲೈಟಿನ ಕೆಳಗೂ ನೋಡಬೇಡ್ರಿ. ದವಡೆಯ ಅಂಚಿಗೆ ಒಂದು ಗೆರೆ ಎಳೆದು ಹೊರಗೆ ಬಿಸಿಲಿಗೆ ಬಂದು ಕನ್ನಡಿ ಹಿಡೀರಿ. ಗೆರೆ ಎಲ್ಲಿದೆಯೆಂದು ಹುಡುಕಬೇಕಾದರೆ ಅದು ನಿಮ್ಮದು. ಹೊರಗೆ ಹೋಗಿ ನೋಡಲು ಅಂಗಡಿಯವರು ಬಿಡದಿದ್ದರೆ ಮುಂದಿನ ಅಂಗಡಿಗೆ ನಡೀರಿ. ಬೀದರಿನಲ್ಲಿ ಅಂಗಡಿಗೇನು ಬರ?