ಬಟವಾಡೆಯ ದಿನ

ಮದ್ದೂರು ನಿಲ್ದಾಣದಲ್ಲಿ ರೈಲು ಪೂರ್ತಿ ನಿಂತಿಲ್ಲ, ಆಗಲೇ ‘ವಡೆ, ವಡೆ, ಮದ್ದೂರ್ ವಡೆ’ ಎಂಬ ಕೂಗು ಕಿಟಕಿಯೊಳಕ್ಕೆ ಬರುತ್ತದೆ. ಕಾಗದದಲ್ಲಿ ಸುತ್ತಿದ ವಡೆಯ ಎಣ್ಣೆ ಬೆರಳಿಗಂಟುತ್ತದೆ. ಮುರಿದರೆ ಈರುಳ್ಳಿ, ಕರಿಬೇವಿನ ಘಮ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಒಂದು ದಿನ, ರೈಲು ಹೊತ್ತಿಗೆ ಮೊದಲೇ ಬಂದುಬಿಟ್ಟಾಗ, ಹಿಟ್ಟನ್ನು ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರು ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಸ್ಟಾರ್ಟಪ್ ಕಟ್ಟುವ ಹುಡುಗರಿಗೆ ಹೇಳಲು ಇದಕ್ಕಿಂತ ಸೊಗಸಾದ ಕಥೆ ಸಿಗಲಾರದು. ಆದರೆ ಹೊಸದೊಂದನ್ನು ಹುಟ್ಟಿಸುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ನೋಡಬೇಕೆಂದರೆ ಇಳಿದು ಮಳವಳ್ಳಿಯ ಬಸ್ಸು ಹತ್ತಿ.

ಕೆ.ಎಂ. ದೊಡ್ಡಿ ಬರುವಷ್ಟರಲ್ಲಿ ಕಾಕಂಬಿಯ ವಾಸನೆ ಬಸ್ಸಿನೊಳಗೆ ತುಂಬಿರುತ್ತದೆ. ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು. ರಸ್ತೆಬದಿಯಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರ್, ಲಾರಿಗಳು ಒಂದರ ಹಿಂದೆ ಒಂದು. ನೊಗ ಇಳಿಸಿದ ಎತ್ತುಗಳು ಕಬ್ಬಿನ ಸೋಗೆ ಮೇಯುತ್ತಿವೆ. ಗಾಡಿಯ ನೆರಳಲ್ಲಿ ಟವೆಲ್ ಹಾಸಿ ಮಲಗಿದವರಿಗೆ ನಿದ್ದೆ ಹತ್ತಿದಂತಿಲ್ಲ. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ. ಕಾಯುವಿಕೆಯ ನಷ್ಟ ಪೂರ್ತಿ ಬೆಳೆದವನದೇ. ತೂಕ ಮುಗಿದ ಮೇಲೆ ಇನ್ನೊಂದು ಕಾಯುವಿಕೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆದರೂ ಬಾಕಿಗಾಗಿ ರೈತರು ರಸ್ತೆಗಿಳಿಯುವುದು ಈ ಸೀಮೆಗೆ ಹೊಸದಲ್ಲ. ‘ಎಷ್ಟು ಕೊಡ್ತಾರೆ ಅನ್ನದು ಆಮೇಕೆ ಕಣಣ್ಣ, ಯಾವತ್ತು ಕೊಡ್ತಾರೆ ಹೇಳ್ಬುಡು’ ಎನ್ನುವ ಧಾಟಿಯ ಮಾತು ಈ ಸಾಲಿನಲ್ಲಿ ಎಲ್ಲಿ ನಿಂತರೂ ಕೇಳೀತು. ಒಂದು ಕಂಪನಿಯ ಮೌಲ್ಯವೇನೆಂದು ಅಳೆಯಲು ಮಂಡ್ಯದ ರೈತನಿಗೆ ಗೋಡೆಯ ಮೇಲಿನ ಫಲಕ ಬೇಡ, ಬಟವಾಡೆಯ ದಿನಾಂಕ ಸಾಕು.

ಮಳವಳ್ಳಿ ದಾಟಿ ಬನ್ನೂರಿನ ದಾರಿ ಹಿಡಿದರೆ ಕಿರುಗಾವಲು. ಅಲ್ಲಿನ ರೈತ ಸೈಯದ್ ಘನಿ ಖಾನ್ ಅವರ ಮನೆಯಲ್ಲಿ ಭತ್ತದ ತೆನೆಗಳ ಸಂಗ್ರಹ: ಕೆಂಪು, ಕಪ್ಪು, ಹೊಂಬಣ್ಣ, ಉದ್ದ ಮೀಸೆಯವು, ಮೀಸೆಯೇ ಇಲ್ಲದವು. ಸಾವಿರಕ್ಕೂ ಹೆಚ್ಚು ತಳಿ. ರಾಜಮುಡಿ, ರತ್ನಚೂಡಿಗಳಿಗೆ ಗಿರಾಕಿ ಉಂಟು. ಎಷ್ಟೋ ತಳಿಗಳ ಹೆಸರನ್ನು ಕೊಳ್ಳುವವರು ಕೇಳಿಯೂ ಇರಲಾರರು. ಬೀಜ ಡಬ್ಬಿಯಲ್ಲಿ ಬಹುಕಾಲ ಬದುಕುವುದಿಲ್ಲ, ಮತ್ತೆ ಮತ್ತೆ ಬಿತ್ತಿ ಬೆಳೆಯಬೇಕು. ಬಂಡವಾಳ ಹೂಡುವ ಯಾರನ್ನೇ ಕೇಳಿ, ಓಡುವ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ ಎಂದಾರು. ಇಲ್ಲಿ ಉಳಿದದ್ದಕ್ಕೂ ಗದ್ದೆಯಲ್ಲಿ ಜಾಗವಿದೆ. ಆ ಪುಟ್ಟ ಮಡಿಗಳ ಮುಂದೆ ನಿಂತಾಗ ನನಗೆ ಎದೆ ತುಂಬಿ ಬರುತ್ತದೆ.

ಈಗ ಮಂಡ್ಯಕ್ಕೆ, ಹಾಗೆಯೇ 2015ಕ್ಕೆ. ರೈತರ ಆತ್ಮಹತ್ಯೆಯ ಸುದ್ದಿ ಪತ್ರಿಕೆಗಳನ್ನು ತುಂಬಿದ ವರ್ಷ. ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಬದುಕು ಬಿಟ್ಟು ಊರಿಗೆ ಮರಳಿದ ಮಧು ಚಂದನ್, ಗೆಳೆಯರಿಂದ ಹಣ ಕೂಡಿಸಿ, ಜಿಲ್ಲೆಯ ಸಾವಯವ ರೈತರ ಸಹಕಾರ ಸಂಘ ಕಟ್ಟುತ್ತಿದ್ದಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ‘ಆರ್ಗ್ಯಾನಿಕ್ ಮಂಡ್ಯ’ದ ಅಂಗಡಿ ತೆರೆಯುತ್ತದೆ. ಕಾರು ನಿಲ್ಲುತ್ತದೆ, ಮೈಸೂರಿಗೆ ಹೊರಟವರು ಬೆಲ್ಲ, ಅಕ್ಕಿ, ತರಕಾರಿ ಕೊಂಡು ಹೊರಡುತ್ತಾರೆ. ಶ್ರಮದಾನಕ್ಕೆಂದು ನಗರದಿಂದ ಬಂದವರು ಪ್ಯಾಂಟು ಮಡಚಿ ಕೆಸರಿಗಿಳಿಯುತ್ತಾರೆ. ಆಳು ಸಿಗದೆ ಒದ್ದಾಡುವ ವಯಸ್ಸಾದ ರೈತನಿಗೆ ಅಂದಿನ ನಾಟಿಯೋ ಕಳೆಯೋ ಮುಗಿಯುತ್ತದೆ.

ಆ ಗದ್ದೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಸಾವಯವ ಎಂಬ ಪ್ರಮಾಣಪತ್ರ ಬಿತ್ತಿದ ಕೂಡಲೇ ಬರುವುದಿಲ್ಲ. ರಾಷ್ಟ್ರೀಯ ನಿಯಮದ ಪ್ರಕಾರ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ. ಯೂರಿಯಾ ನಿಲ್ಲಿಸಿದ ಹೊಸದರಲ್ಲಿ ಇಳುವರಿ ಕುಗ್ಗಬಹುದು, ಆದರೆ ಸಾವಯವದ ಬೆಲೆ ಇನ್ನೂ ದಕ್ಕಿರುವುದಿಲ್ಲ. ಕೈಬದಲಿನ ಸಾಲ, ಮಕ್ಕಳ ಫೀಸು, ಆಸ್ಪತ್ರೆ ಯಾವುದೂ ಆ ಎರಡು ವರ್ಷ ಕಾಯುವುದಿಲ್ಲ. ಸ್ಥಾಪಕನ ಪ್ರಾಮಾಣಿಕತೆ ಎಷ್ಟೇ ದೊಡ್ಡದಿರಲಿ, ಆ ನಡುವಿನ ನಷ್ಟವನ್ನು ಯಾರು ಹೊರುತ್ತಾರೆ ಎಂಬುದು ಕಾಗದದಲ್ಲಿ ಬರೆದಿರಬೇಕು ಎಂಬುದು ನನ್ನ ನಂಬಿಕೆ. ಸಹಕಾರ ಸಂಘದಿಂದ ಶುರುಮಾಡಿದ್ದು ಅದಕ್ಕೇ ನನಗೆ ದೊಡ್ಡದಾಗಿ ಕಾಣುತ್ತದೆ: ಸದಸ್ಯನಾದ ರೈತ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಬರಿಯ ಸರಬರಾಜುದಾರನಾದವನಿಗೆ ಆ ಸಭೆಗೆ ಕರೆಯೇ ಇರುವುದಿಲ್ಲ.

2023ರ ಮಾರ್ಚ್ 12ರಂದು ಇದೇ ಜಿಲ್ಲೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರುಗಳೀಗ ಮದ್ದೂರಿನ ವಡೆಯನ್ನೂ ಮಂಡ್ಯದ ಪೇಟೆಯನ್ನೂ ಪಕ್ಕಕ್ಕೆ ಬಿಟ್ಟು ಬೇಲಿಯೊಳಗಿನ ರಸ್ತೆಯಲ್ಲಿ ಓಡುತ್ತವೆ. ಹಳೆ ಹೆದ್ದಾರಿಯನ್ನೇ ನೆಚ್ಚಿದ ಹೋಟೆಲು, ಬೊಂಬೆ, ಎಳನೀರಿನ ವ್ಯಾಪಾರಗಳಿಗೆ ಬಿದ್ದ ಪೆಟ್ಟು ದಾರಿಯುದ್ದಕ್ಕೂ ಕಣ್ಣಿಗೆ ಕಾಣುತ್ತದೆ. ಇಂಥ ಹೊತ್ತಲ್ಲೇ ಬೆಂಗಳೂರಿನಿಂದ ಹೊಸ ಹೊಸ ಕಂಪನಿಗಳು ಮೊಬೈಲು ಹಿಡಿದು ಹೊಲದ ಬದುವಿಗೆ ಬರುತ್ತಿವೆ: ನೇರ ಖರೀದಿ, ದಲ್ಲಾಳಿಯಿಲ್ಲ, ಒಳ್ಳೆಯ ಬೆಲೆ. ಬರಲಿ, ಬರಬೇಕು ಕೂಡ. ವ್ಯಾಪಾರ ಕುಸಿದ ವಾರ ಅವರು ಮೊದಲು ನಿಲ್ಲಿಸುವುದು ಜಾಹೀರಾತನ್ನೋ, ಮ್ಯಾನೇಜರನ ಬೋನಸ್ಸನ್ನೋ, ಟೊಮೆಟೊ ಕೊಟ್ಟವನ ದುಡ್ಡನ್ನೋ ಎಂದು ಸಹಿ ಹಾಕುವ ಮುನ್ನವೇ ಕೇಳಿಬಿಡಿ.